ಹೌದು ಎಂದವಳು ನಾನೇ

ಜಸಿಂತಾ ಶಾಲೆಯಿಂದ ಬಂದವಳೇ ಚೀಲವನ್ನು ಮೆಟ್ಟಿಲ ಮೇಲೆ ಎಸೆದು, "ಬೂಬು, ಶಾಂತಿ ಅಂದ್ರೆ ಏನು? ಬೇಗ ಹೇಳು, ಬರೀಬೇಕು" ಎಂದಳು. ನಮ್ಮಲ್ಲಿ ಅಜ್ಜಿಯೂ ಮೊಮ್ಮಗಳೂ ಒಬ್ಬರನ್ನೊಬ್ಬರು ಬೂಬು ಎಂದೇ ಕರೆಯುವುದು.

ನಾನು ಗೆಣಸಿನ ಸಿಪ್ಪೆ ಹೆರೆಯುತ್ತಿದ್ದೆ. "ಬೇಗ ಹೇಳೋಕೆ ಅದೇನು ಮೊಟ್ಟೆನಾ ಬೂಬು, ಇಟ್ಟೆ ಇಟ್ಟೆ ಅಂತ ಕೂಗೋಕೆ?" ಎಂದೆ.

"ತಮಾಷೆ ಬೇಡ. ಬೋನಿಫೇಸ್ ಮೇಷ್ಟ್ರು ಪ್ರಬಂಧ ಕೇಳಿದಾರೆ. ಪುಸ್ತಕದಲ್ಲಿರೋದನ್ನ ಬರೆದ್ರೆ ಹರಿದು ಹಾಕ್ತಾರಂತೆ. ಬಿಳಿ ಪಾರಿವಾಳ ಅಂತ ಶುರು ಮಾಡಿದವ್ರಿಗೆ ಸೊನ್ನೆಯಂತೆ. ನಿಮ್ಮ ಮನೆಗೆ ಶಾಂತಿ ಯಾವತ್ತು ಬಂತು, ಹೆಂಗೆ ಬಂತು, ನಿಮ್ಮನೆ ಮಾತಲ್ಲೇ ಬರೀರಿ ಅಂದ್ರು. ಚೆನ್ನಾಗಿರೋದನ್ನ ಶಾಂತಿಯ ದಿನ ಊರಿಗೆಲ್ಲ ಓದಿಸ್ತಾರೆ. ಆಮೇಲೆ ಪಟ್ಟಣಕ್ಕೆ ಕಳಿಸ್ತಾರೆ."

ಮೇಷ್ಟರು ಉತ್ತರದ ಸಣ್ಣ ದ್ವೀಪದವರು. ನಮ್ಮೂರಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಒಳ್ಳೆಯವರು. ಆದರೆ ಯಾವ ಮನೆಯ ಹಿಂದೆ ಯಾವ ಕಥೆ ಮಲಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಎರಡನೇ ಕ್ಲಾಸು ಓದಿದವಳು. ಶಾಲೆಯವರು ಕೇಳಿದ್ದಾರೆ ಎಂದರೆ ಕೊಡಬೇಕು ಎಂದುಕೊಂಡು ಚಾಕು ಕೆಳಗಿಟ್ಟೆ. ಮಗನ ಮೂಳೆ ಮನೆಗೆ ಬಂದ ದಿನವನ್ನು ಮೊಮ್ಮಗಳಿಗೆ ಹೇಳಿದೆ.

ಲೀನಸ್ ನನ್ನ ಒಬ್ಬನೇ ಮಗ, ಜಸಿಂತಾಳ ಸೋದರಮಾವ. ಗಣಿಯ ಗಲಾಟೆ ಯುದ್ಧವಾಗಿ, ನಮ್ಮ ಬೂಗನ್‌ವಿಲ್ ದ್ವೀಪದ ಸುತ್ತ ಸರ್ಕಾರದ ಹಡಗುಗಳು ಕಾವಲು ನಿಂತು, ಉಪ್ಪು, ಸಾಬೂನು, ಜ್ವರದ ಮಾತ್ರೆ ಯಾವುದೂ ಬಾರದಿದ್ದ ವರ್ಷಗಳಲ್ಲಿ ಅವನಿಗೆ ಇಪ್ಪತ್ತು. ಸೈನಿಕರಿಗೆ ಸುದ್ದಿ ಮುಟ್ಟಿಸುತ್ತಾನೆ ಎಂದು ಯಾರೋ ಹೇಳಿದರಂತೆ. ಕಾಡು ಸೇರಿದ್ದ ನಮ್ಮವರದೇ ಗುಂಪೊಂದು ಬೆಳಿಗ್ಗೆ ಬಂದು ಕರೆದುಕೊಂಡು ಹೋಯಿತು. ಗುಂಪಿನ ಮುಂದಾಳು ಅಲೋಯಿಸ್, ಓರೂಯಿ ನದಿಯ ಆಚೆ ದಡದವನು. ಲೀನಸ್ ತಟ್ಟೆಯಲ್ಲಿ ಅರ್ಧ ಬಾಳೆಕಾಯಿ ಬಿಟ್ಟು ಎದ್ದು ಹೋದ. ಮತ್ತೆ ಬರಲಿಲ್ಲ.

ಹನ್ನೆರಡು ವರ್ಷ ಕಾದೆ. ಬಂದೂಕುಗಳು ಪೆಟ್ಟಿಗೆ ಸೇರಿದವು. ಹಿರಿಯರು ನದಿ ದಾಟಿ ಹೋದರು, ಬಂದರು, ಮತ್ತೆ ಹೋದರು. ಕೊನೆಗೆ ಅಲೋಯಿಸ್ ಮೂಳೆ ತಂದುಕೊಡಲು ಒಪ್ಪಿದ. ನಮ್ಮಲ್ಲಿ ಇದಕ್ಕೊಂದು ಕ್ರಮವಿದೆ. ಯಾರ ಕೈ ಕೊಂದಿತೋ ಅದೇ ಕೈ ಮೂಳೆ ತರಬೇಕು. ತಾಯಿಯ ಮುಂದಿಟ್ಟು, "ಇದು ನಿನ್ನ ಮಗು, ನನ್ನ ಕೈಯಿಂದ ತಗೋ" ಎನ್ನಬೇಕು. ತಾಯಿ ನೋಡಿ ಹೌದು ಎಂದರೆ ಮಾತ್ರ ಮುಂದಿನದು. ಹೌದು ಎಂದ ಮೇಲೆ ಬಾಣ ಮುರಿಯುತ್ತಾರೆ, ಹಂದಿ ಕಡಿಯುತ್ತಾರೆ, ಗುಂಡಿ ತೋಡಿ ಒಂದು ಕಲ್ಲು ಹೂಳುತ್ತಾರೆ. ಒಂದೇ ಅಡಿಕೆಯನ್ನು ಸೀಳಿ ಎರಡು ಕಡೆಯವರೂ ಸುಣ್ಣ ಹಚ್ಚಿ ಅಗಿಯುತ್ತಾರೆ. ಅಲ್ಲಿಗೆ ಮುಗಿಯಿತು. ಯಾರು ಕೊಂದರು, ಹೇಗೆ ಕೊಂದರು ಎಂದು ಆಮೇಲೆ ಯಾರೂ ಬಾಯಿಬಿಡುವಂತಿಲ್ಲ. ಆಡಿದವನು ಕಲ್ಲು ಕಿತ್ತ ಹಾಗೆ. ಕೋರೆ ಬಂದ ಹಂದಿ ದಂಡ, ದಂಡ ಕೊಡದಿದ್ದರೆ ಮತ್ತೆ ಬಾಣ.

ಅಲೋಯಿಸ್ ಹೊಸ ಚಾಪೆಯಲ್ಲಿ ಸುತ್ತಿ ತಂದಿದ್ದ. ನಾನು ಬಿಚ್ಚಿದೆ. ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಏರಿತ್ತು. ಲೀನಸ್‌ನದೂ ಹಾಗೆಯೇ ಇತ್ತು. ಹಿರಿಯರು, "ಎಮೆರಿ, ಇವನೇನಾ?" ಎಂದು ಕೇಳಿದರು. "ಹೌದು, ನನ್ನ ಮಗು. ಈ ಹಲ್ಲು ನಂಗೆ ಗೊತ್ತು" ಎಂದೆ. ಮನೆ ಪಕ್ಕದ ದೀವಿಹಲಸಿನ ಮರದ ಬುಡದಲ್ಲಿ, ಅವನ ನೀಲಿ ಅಂಗಿಯನ್ನು ಮೇಲೆ ಹೊದಿಸಿ ಮಣ್ಣು ಮಾಡಿದೆವು. ಹದಿನೆಂಟು ವರ್ಷದಿಂದ ನಾನು ಬೆಳಿಗ್ಗೆ ಎದ್ದು ಮೊದಲು ಗುಡಿಸುವುದು ಆ ಜಾಗವನ್ನು.

ಕೊಂದವನ ಹೆಸರು ಬಿಟ್ಟು ಇಷ್ಟನ್ನೂ ಜಸಿಂತಾ ಬರೆದುಕೊಂಡಳು. ಬರೆಯುತ್ತ ಅತ್ತಳು. ಆಮೇಲೆ ಗೆಣಸು ಬೆಂದಿತಾ ಎಂದು ಕೇಳಿದಳು.

ಶಾಂತಿಯ ದಿನ ಇಗರ್ಜಿಯ ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ನದಿಯ ಎರಡು ಕಡೆಯವರೂ ಬಂದಿದ್ದರು. ಹೆಂಗಸರ ಕಡೆ, ನನಗಿಂತ ಎರಡು ಸಾಲು ಮುಂದೆ ಸೆರಾ ಕೂತಿದ್ದಳು. ಸೆರಾ ಅಲೋಯಿಸ್‌ನ ಹೆಂಡತಿ, ನನ್ನ ವಾರಿಗೆಯವಳು. ಅವಳ ಮಗ ಕಾಸ್ಪರ್ ಯುದ್ಧದ ಕೊನೆಯಲ್ಲಿ ಜ್ವರ ಬಂದು, ಮಾತ್ರೆ ಸಿಗದೆ ಸತ್ತಿದ್ದ. ಅವನ ವಿಷಯ ನಾವು ಮಾತಾಡಿದ್ದೇ ಇಲ್ಲ. ಮಗ ಸತ್ತವಳ ಹತ್ತಿರ ಮಗ ಸತ್ತವಳು ಏನು ಮಾತಾಡುವುದು?

ಮೇಷ್ಟರು ಎದ್ದು, "ಎಲ್ಲಾ ಪ್ರಬಂಧಗಳಲ್ಲಿ ಎರಡನ್ನ ಆರಿಸಿದೀನಿ. ಎರಡೂ ಮೂಳೆಗಳ ಬಗ್ಗೆಯೇ ಇವೆ. ಓದ್ತಾ ನನ್ನ ಕಣ್ಣು ಒದ್ದೆ ಆಯ್ತು. ಒಂದಾದ ಮೇಲೊಂದು ಕೇಳಿ" ಎಂದರು.

ಮೊದಲು ನಮ್ಮ ಜಸಿಂತಾ ಓದಿದಳು. ಹಲ್ಲಿನ ಜಾಗಕ್ಕೆ ಬಂದಾಗ ಹೆಂಗಸರೆಲ್ಲ ಮೂಗು ಒರೆಸಿಕೊಂಡರು. ನನ್ನ ಪಕ್ಕದವಳು ಮೊಣಕೈಯಲ್ಲಿ ತಿವಿದು, "ನಿನ್ನ ಮೊಮ್ಮಗಳು ಪಾದ್ರಿಗಿಂತ ಚೆನ್ನಾಗಿ ಅಳಿಸ್ತಾಳೆ ಕಣೆ" ಎಂದಳು. ನಾನು ನಕ್ಕೆ. ಅವಳು ಕೊಟ್ಟ ಅಡಿಕೆಯನ್ನು ಬಾಯಿಗೆ ಹಾಕಿಕೊಂಡೆ.

ಎರಡನೆಯದಕ್ಕೆ ಎದ್ದವಳು ರೊವೆನಾ. ಸೆರಾಳ ಮಗಳ ಮಗಳು, ಜಸಿಂತಾಳ ತರಗತಿಯವಳೇ. ಅವಳು ಮೇಷ್ಟರ ಕಿವಿಯಲ್ಲಿ ಏನೋ ಹೇಳಿದಳು. ಮೇಷ್ಟರು ಬೆನ್ನು ತಟ್ಟಿ, "ಹೆದರ್ಬೇಡ, ಚೆನ್ನಾಗಿ ಬರೆದಿದೀಯ, ಓದು" ಎಂದರು. ಓದಿದಳು.

"ನಮ್ಮ ಮನೆಗೆ ಶಾಂತಿ ತಂದವರು ನನ್ನ ತಾತ. ಯುದ್ಧದಲ್ಲಿ ತಾತ ಒಂದು ತಪ್ಪು ಮಾಡಿದ್ದರು. ಆ ಕಡೆಯ ತಾಯಿಗೆ ಅವಳ ಮಗನ ಮೂಳೆ ಕೊಡಬೇಕಾಗಿತ್ತು. ತಾತ ನದಿಯ ದಂಡೆಗೆ ಹೋಗಿ ನೋಡಿದರೆ ಮೂಳೆ ಇರಲಿಲ್ಲ. ಹೂತ ಜಾಗವನ್ನು ನೆರೆ ಕೊಚ್ಚಿಕೊಂಡು ಹೋಗಿತ್ತು. ಮೂರು ದಿನ ಹುಡುಕಿದರು. ಕೊಡದಿದ್ದರೆ ಶಾಂತಿ ಇಲ್ಲ. ಆಗ ತಾತ ನನ್ನ ಸೋದರಮಾವನನ್ನು, ತನ್ನ ಸ್ವಂತ ಮಗನನ್ನು, ಅಗೆದು ತೆಗೆದು ಹೊಸ ಚಾಪೆಯಲ್ಲಿ ಸುತ್ತಿ ಆ ತಾಯಿಗೆ ಕೊಟ್ಟರು. ಶಾಂತಿ ಎಂದರೆ ತನ್ನದನ್ನು ಕೊಡುವುದು ಎಂದು ನಾನು ತಿಳಿದುಕೊಂಡೆ."

ಅವಳು ಮುಂದೆ ಓದುತ್ತಲೇ ಇದ್ದಳು. ತುಟಿ ಆಡುವುದು ಕಾಣುತ್ತಿತ್ತು, ಮಾತು ನನ್ನ ಕಿವಿಗೆ ಬೀಳಲಿಲ್ಲ. ಬಾಯಲ್ಲಿ ಅಡಿಕೆಯ ರಸ ತುಂಬಿತ್ತು. ಉಗುಳಲಾರೆ, ನುಂಗಲಾರೆ. ಆ ಹಲ್ಲನ್ನು ನಾನು ಬೆರಳಿನಿಂದ ಮುಟ್ಟಿ ನೋಡಿದ್ದೆನಲ್ಲ! ಹೌದು ಎಂದವಳು ನಾನೇ ಅಲ್ಲವೇ? ಹತ್ತು ಜನ ಹಿರಿಯರು ಕೇಳಿದಾಗ ಹೆತ್ತವಳೇ ಹೇಳಿದ್ದಳಲ್ಲ, ನನ್ನದೇ ಮಗು ಎಂದು.

ಮುಂದೆ ಸೆರಾ ಎದ್ದು ನಿಂತಳು. ಗಂಡನ ಕಡೆ ನೋಡಲಿಲ್ಲ. ಹಿಂದಕ್ಕೆ ತಿರುಗಿ ನನ್ನನ್ನೇ ನೋಡಿದಳು. ಅವಳ ಮುಖ ಬೂದಿಯಾಗಿತ್ತು. ಆಗ ತಿಳಿಯಿತು. ಅವಳಿಗೂ ಗೊತ್ತಿರಲಿಲ್ಲ! ನಮ್ಮಲ್ಲಿ ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು. ಬದುಕಿದ್ದಾಗಲೂ, ಸತ್ತ ಮೇಲೂ. ಕಾಸ್ಪರ್‌ನ ಮೂಳೆಯ ಮೇಲೆ ಅಪ್ಪನಿಗೆ ಕೂದಲೆಳೆಯಷ್ಟೂ ಹಕ್ಕಿಲ್ಲ. ಸೆರಾಗೆ ತಿಳಿಯದಂತೆ ಅಲೋಯಿಸ್ ಕೊಟ್ಟದ್ದು ಅವಳದನ್ನು, ತನ್ನದನ್ನಲ್ಲ.

ಚಪ್ಪರದಡಿ ಗದ್ದಲವೆದ್ದಿತು. ಗಂಡಸರು ಎದ್ದರು, ಬೆಂಚುಗಳು ಬಿದ್ದವು. ಮೇಷ್ಟರು, "ಏನಾಯ್ತು? ನಾನೇನು ಮಾಡಿದೆ?" ಎಂದು ಎಲ್ಲರನ್ನೂ ಕೇಳುತ್ತಿದ್ದರು. ಅಲೋಯಿಸ್ ಕೂತಲ್ಲೇ ಕೂತಿದ್ದ. ಮುದುಕನಾಗಿದ್ದಾನೆ, ಕಣ್ಣಿಗೆ ಪೊರೆ ಬಂದಿದೆ. "ಬರ್ಕೋ ಅಂದಿದ್ದೆ" ಎಂದ. "ಬಾಯಲ್ಲಿ ಆಡ್ಬಾರ್ದು, ಬೇಕಾದ್ರೆ ಬರ್ಕೋ ಅಂದಿದ್ದೆ. ಓದು ಅಂದಿರಲಿಲ್ಲ."

ಅವನೂ ನನ್ನಂತೆಯೇ ಎರಡು ಕ್ಲಾಸಿನವನು. ಕಾಗದದ ಮೇಲೆ ಇಟ್ಟದ್ದು ಮಣ್ಣಿನಲ್ಲಿ ಇಟ್ಟ ಹಾಗೆ ಎಂದುಕೊಂಡಿದ್ದ. ಮೇಷ್ಟರು ಕೆಂಪು ಶಾಯಿಯ ಗುರುತು ಹಾಕಿ ಮುಚ್ಚಿಬಿಡುತ್ತಾರೆ ಎಂದುಕೊಂಡಿದ್ದ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ನನ್ನ ತಂಗಿಯ ಮಗ ಗರ್ವಾಸ್, ನಮ್ಮ ಕುಲದ ಗಂಡಸರಿಗೆ ಹಿರಿಯ, ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ.

"ದೊಡ್ಡಮ್ಮ, ಕಲ್ಲು ಕಿತ್ತಾಯ್ತು. ಸುಳ್ಳು ಮೂಳೆಗೆ ಅಡಿಕೆ ಅಗಿದಿದೀವಿ ನಾವು. ಆ ಶಾಂತಿ ಶಾಂತಿನೇ ಅಲ್ಲ. ನೀನೊಂದು ಮಾತು ಹೇಳು, ಮಿಕ್ಕಿದ್ದು ನಾವು ನೋಡ್ಕೋತೀವಿ."

"ಏನು ನೋಡ್ಕೋತೀಯೋ?"

"ನೀನು ಹೇಳಿದ್ದನ್ನ."

ಅವನ ಹಿಂದೆ ನಾಲ್ಕೈದು ಹುಡುಗರು ನಿಂತಿದ್ದರು. ಯುದ್ಧ ನಿಂತ ಮೇಲೆ ಹುಟ್ಟಿದವರು. ಅವರ ಕಣ್ಣಲ್ಲಿ ಹೊಳಪು ಕಂಡಿತು. ಲೀನಸ್‌ನನ್ನು ಕರೆದೊಯ್ಯಲು ಬಂದವರ ಕಣ್ಣೂ ಹಾಗೆಯೇ ಇತ್ತು. ನನ್ನ ಒಂದು ಮಾತಿಗೆ ಇವರು ನದಿ ದಾಟುತ್ತಾರೆ. ಮಾತಾಡದಿದ್ದರೆ ನನ್ನ ಮಗ ಎಲ್ಲಿ ಎಂದು ಕೇಳುವವರೇ ಇಲ್ಲ. "ನಾಳೆ ಹೇಳ್ತೀನಿ" ಎಂದೆ.

ಬೆಳಿಗ್ಗೆ ನಾನು ಪೊರಕೆ ಹಿಡಿದು ಮರದ ಬುಡದವರೆಗೆ ಹೋದೆ. ಯಾರನ್ನು ಗುಡಿಸಲಿ ಎಂದು ತಿಳಿಯದೆ ನಿಂತೆ. ಅಷ್ಟರಲ್ಲಿ ಸೆರಾ ಬಂದಳು. ಒಂದು ಕೈಯಲ್ಲಿ ಅಗೆಯುವ ಕೋಲು, ಕಂಕುಳಲ್ಲಿ ಹೊಸ ಚಾಪೆ. ಒಬ್ಬಳೇ ನದಿ ದಾಟಿ ಬಂದಿದ್ದಳು. ಸುತ್ತಿಕೊಂಡಿದ್ದ ಬಟ್ಟೆ ಸೊಂಟದವರೆಗೆ ಒದ್ದೆ.

ಗರ್ವಾಸ್ ಅಡ್ಡ ಬಂದ. "ಎಲ್ಲಿಗೆ?"

"ನನ್ನ ಮಗನ್ನ ಕರ್ಕೊಂಡು ಹೋಗೋಕೆ."

"ಅವನನ್ನ ಕೊಟ್ಟು ಶಾಂತಿ ತಗೊಂಡಿದೀರಿ. ಅವನು ಹೋದ್ರೆ ಶಾಂತಿನೂ ಹೋಗುತ್ತೆ."

"ನಾನು ಕೊಟ್ಟಿಲ್ಲಪ್ಪ" ಎಂದಳು ಸೆರಾ. ಅವಳ ದನಿ ಏರಲಿಲ್ಲ. "ಕೊಟ್ಟವನನ್ನ ಕೇಳು. ಅವನು ಕೋಕೋ ಒಣಗಿಸೋ ಮನೇಲಿ ಕೂತಿದಾನೆ. ಒಳಗೆ ಸೇರಿಸಿಲ್ಲ ನಾನು."

"ಗರ್ವಾಸ್, ದಾರಿ ಬಿಡು. ಇದು ಯಾರ ನೆಲ?" ಎಂದೆ.

ಅವನು ಪಕ್ಕಕ್ಕೆ ಸರಿದ. ನಮ್ಮಲ್ಲಿ ನೆಲ ಹೆಂಗಸರದು.

ಇಬ್ಬರೂ ಅಗೆದೆವು. ಅವಳ ಕೋಲಿನಲ್ಲಿ ಅವಳು, ನನ್ನ ಗೆಣಸಿನ ಕೋಲಿನಲ್ಲಿ ನಾನು. ಮೂಳೆ ಕಂಡಾಗ ಸೆರಾ ಕೈಯಲ್ಲೇ ಮಣ್ಣು ಬಳಿದಳು. "ತಲೆ ಸಮುದ್ರದ ಕಡೆ ಇಟ್ಟಿದೀಯ" ಎಂದಳು.

"ನಮ್ಮ ಕುಲದವರನ್ನ ಹಾಗೇ ಇಡೋದು."

"ನಮ್ಮವರನ್ನ ಬೆಟ್ಟದ ಕಡೆ." ಅವಳು ದವಡೆಯನ್ನು ಎತ್ತಿಕೊಂಡಳು. ಏರಿದ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದಳು. "ಇದು ಬಂದಾಗ ಅವನಿಗೆ ಏಳು ವರ್ಷ. ಕಿತ್ತುಬಿಡು ಅಂತ ಅಳ್ತಿದ್ದ. ಹದಿನೆಂಟು ವರ್ಷ ಬರೀ ಮಣ್ಣಿಗೆ ಹೂ ಇಟ್ಟೆ ಎಮೆರಿ, ನಾನು. ನನ್ನ ಮಗನಿಗೆ ನೀನು ಗುಡಿಸಿದೆ."

ಅವಳು ಒಂದೊಂದನ್ನೇ ಚಾಪೆಗೆ ಇಟ್ಟಳು. ನೀಲಿ ಅಂಗಿ ಮಣ್ಣಾಗಿ ಹೋಗಿತ್ತು, ಅದರ ಗುಂಡಿಗಳು ಮಾತ್ರ ಉಳಿದಿದ್ದವು. ಅವನ್ನು ಹೆಕ್ಕಿ ನನ್ನ ಅಂಗೈಗೆ ಹಾಕಿದಳು. "ಇವು ನಿಂದು." ಹಳ್ಳದಲ್ಲಿ ನನ್ನದು ಎಂದು ಇದ್ದದ್ದು ಅಷ್ಟೇ.

ಚಾಪೆ ಸುತ್ತಿ ಕಟ್ಟಿದ ಮೇಲೂ ಸೆರಾ ಏಳಲಿಲ್ಲ. ನಾನೂ ಏಳಲಿಲ್ಲ. ಆಗ ನನಗೆ ಒಂದು ವಿಷಯ ನೆನಪಾಯಿತು.

"ಸೆರಾ, ಆ ಹುಡುಗಿ ಆಮೇಲೂ ಓದ್ತಿದ್ದಳು. ಏನು ಓದಿದಳು?"

"ನಂಗೆ ಕೇಳಿಸಲಿಲ್ಲ."

ಗರ್ವಾಸ್‌ನನ್ನು ಕೇಳಿದೆ. ಅವನಿಗೂ ಕೇಳಿಸಿರಲಿಲ್ಲ. ಯಾರಿಗೂ ಕೇಳಿಸಿರಲಿಲ್ಲ. ಜಸಿಂತಾಳನ್ನು ಆಚೆ ದಡಕ್ಕೆ ಓಡಿಸಿದೆ. ಅವಳು ರೊವೆನಾಳ ಕೈ ಹಿಡಿದು ಎಳೆದುಕೊಂಡೇ ಬಂದಳು. ಹಿಂದೆ ಮೇಷ್ಟರೂ ಬಂದರು, ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ.

"ನಾನೇ ದಂಡ ಕೊಡ್ತೀನಿ" ಎಂದರು ಮೇಷ್ಟರು. "ಮಗೂದು ತಪ್ಪಿಲ್ಲ. ಪುಸ್ತಕ ಸುಟ್ಟುಬಿಡೋಣ ಅಂತಿದ್ರೆ ಸುಟ್ಟುಬಿಡೋಣ."

"ಸುಡೋದು ಸುಲಭ ಮೇಷ್ಟ್ರೇ. ಮೊದ್ಲು ಕೊನೆವರೆಗೂ ಕೇಳೋಣ."

"ಮತ್ತೆ ಬಾಯಿಬಿಟ್ರೆ ಎರಡನೇ ಹಂದಿ" ಎಂದ ಗರ್ವಾಸ್.

"ನಿಂಗೆ ಹಂದಿ ಬಿಟ್ರೆ ಬೇರೆ ಕಾಣಲ್ಲವಾ? ಕೂತ್ಕೋ" ಎಂದೆ. ಕೂತ.

ರೊವೆನಾ ಹಳ್ಳವನ್ನು ನೋಡಿದಳು, ಚಾಪೆಯನ್ನು ನೋಡಿದಳು, ಅಜ್ಜಿಯನ್ನು ನೋಡಿ ಬಿಕ್ಕಿದಳು. ಸೆರಾ ಮೊಮ್ಮಗಳನ್ನು ಪಕ್ಕಕ್ಕೆ ಎಳೆದುಕೊಂಡು, "ಓದು ಬೂಬು. ಅತ್ಕೊಂಡೇ ಓದು, ಪರವಾಗಿಲ್ಲ" ಎಂದಳು.

ಕೊನೆಯ ಪುಟವನ್ನು ಹುಡುಗಿ ನಿಲ್ಲಿಸಿ ನಿಲ್ಲಿಸಿ ಓದಿದಳು.

"ನದಿ ಕೊಂಡುಹೋಯಿತು ಎಂದು ಆ ತಾಯಿಗೆ ಯಾಕೆ ಹೇಳಲಿಲ್ಲ ಎಂದು ತಾತನನ್ನು ಕೇಳಿದೆ. ಕೊಂದವನು ಬಂದು ನದಿ ಕೊಂಡುಹೋಯಿತು ಎಂದರೆ ಯಾರು ನಂಬುತ್ತಾರೆ ಎಂದರು. ಈಗಲೂ ನೆರೆ ಇಳಿದ ಮೇಲೆ ತಾತ ಒಬ್ಬರೇ ನದಿಗೆ ಹೋಗುತ್ತಾರೆ. ಸಿಗಡಿ ಹಿಡಿಯಲು ಎಂದು ಅಜ್ಜಿಗೆ ಹೇಳುತ್ತಾರೆ. ಹದಿನೆಂಟು ವರ್ಷದಲ್ಲಿ ಮೂರು ಮೂಳೆ ಸಿಕ್ಕಿವೆ. ಎರಡು ಹಂದಿಯವು. ಇನ್ನೊಂದು ಯಾರದು ಎಂದು ಗೊತ್ತಿಲ್ಲ. ಅದನ್ನು ಹಾಲಿನ ಪುಡಿಯ ಡಬ್ಬಿಯಲ್ಲಿ ಹಾಕಿ ಕೋಕೋ ಮನೆಯ ಸೂರಿನಲ್ಲಿ ಇಟ್ಟಿದ್ದಾರೆ. ಆ ತಾಯಿಗೆ ಕೊಡಿ ಎಂದೆ. ಒಂದು ಸಲ ಸುಳ್ಳು ಹೇಳಿ ಕೊಟ್ಟಿದ್ದೇನೆ, ಗೊತ್ತಿಲ್ಲದ್ದನ್ನು ಇನ್ನೊಂದು ಸಲ ಹೇಗೆ ಕೊಡಲಿ ಎಂದರು. ನನ್ನ ಪ್ರಬಂಧ ಮುಗಿಯಿತು."

ಸೆರಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. "ಒಂದು ಸಿಗಡಿನೂ ತರ್ತಿರಲಿಲ್ಲ" ಎಂದಳು. "ಕೈಲಾಗದವನು ಅಂತ ಹಂಗಿಸ್ತಿದ್ದೆ."

ಹನ್ನೆರಡು ವರ್ಷದ ಮೇಲೆ ಅವನು ಬರಿಗೈಯಲ್ಲಿ ಬಂದು ನದಿಯ ಹೆಸರು ಹೇಳಿದ್ದರೆ ನಾನು ನಂಬುತ್ತಿದ್ದೆನೇ? ಕೂತು ಯೋಚಿಸಿದೆ. ನಂಬುತ್ತಿರಲಿಲ್ಲ. ಅವನ ಮುಖಕ್ಕೆ ಉಗಿದು, ನಮ್ಮ ಕುಲದ ಗಂಡಸರಿಗೆ ಆ ಒಂದು ಮಾತು ಹೇಳಿಬಿಡುತ್ತಿದ್ದೆ. ಇದು ನನಗೆ ಹಲ್ಲಿನ ವಿಷಯಕ್ಕಿಂತ ದೊಡ್ಡ ಪೆಟ್ಟು. ಅವನ ಸುಳ್ಳಿಗೆ ನನ್ನ ಬಾಯಲ್ಲಿ ಒಂದು ಹೌದು ಕಾದು ಕೂತಿತ್ತು.

"ಗರ್ವಾಸ್," ಎಂದೆ, "ನಿನ್ನೆ ಒಂದು ಮಾತು ಕೇಳಿದೆಯಲ್ಲ. ಈಗ ಹೇಳ್ತೀನಿ. ನದಿ ದಾಟಿ ಹೋಗು. ಆ ಮುದುಕನ್ನ ಕೈ ಹಿಡಿದು ಕರ್ಕೊಂಡು ಬಾ. ಡಬ್ಬಿ ಸಮೇತ. ದಾರೀಲಿ ಅವನಿಗೆ ಒಂದು ಗೀರು ಬಿದ್ರೂ ನೀನು ನನ್ನ ಅಂಗಳಕ್ಕೆ ಕಾಲಿಡ್ಬೇಡ."

ಹುಡುಗರು ಗರ್ವಾಸ್‌ನನ್ನು ನೋಡಿದರು. ಅವನು ಕತ್ತಿಯನ್ನು ಸೊಂಟದಿಂದ ತೆಗೆದು ಮರಕ್ಕೆ ಒರಗಿಸಿ ಹೊರಟ.

ಅಲೋಯಿಸ್ ಬಂದಾಗ ಬಿಸಿಲು ಏರಿತ್ತು. ಗರ್ವಾಸ್ ಅವನ ರಟ್ಟೆ ಹಿಡಿದಿದ್ದ. ಪೊರೆಯ ಕಣ್ಣಿನವನು ನದಿಯಲ್ಲಿ ಜಾರದ ಹಾಗೆ ಹಿಡಿದುಕೊಂಡಿದ್ದನೋ, ಓಡಿಹೋಗದ ಹಾಗೆ ಹಿಡಿದುಕೊಂಡಿದ್ದನೋ ತಿಳಿಯಲಿಲ್ಲ. ಅಲೋಯಿಸ್ ಸೆರಾಳ ಚಾಪೆಯನ್ನು ದಾಟಲಾರದೆ ಸುತ್ತಿ ಬಂದು ನನ್ನ ಎದುರು ಮಂಡಿಯೂರಿದ. ಡಬ್ಬಿಗೆ ತುಕ್ಕು ಹಿಡಿದಿತ್ತು. ಮುಚ್ಚಳ ತೆಗೆಯಲು ಅವನ ಕೈಯಲ್ಲಿ ಆಗಲಿಲ್ಲ. ರೊವೆನಾ ತೆಗೆದುಕೊಟ್ಟಳು. ಒಣಗಿದ ಬಾಳೆಲೆಯಲ್ಲಿ ಸುತ್ತಿದ, ನನ್ನ ಬೆರಳಿಗಿಂತ ಸ್ವಲ್ಪ ಉದ್ದದ ಒಂದು ತುಂಡು. ನೀರು ತಿಕ್ಕಿ ತಿಕ್ಕಿ ನುಣುಪಾಗಿತ್ತು.

"ಎಮೆರಿ," ಎಂದ, "ಇದು..."

"ನಿನ್ನ ಮಗು ಅಂತ ಹೇಳ್ಬೇಡ."

"ಹೇಳಲ್ಲ. ಯಾರದು ಅಂತ ನಂಗೆ ಗೊತ್ತಿಲ್ಲ. ಅವನನ್ನ ಮಲಗಿಸಿದ್ದು ಓರೂಯಿ ತಿರುಗೋ ಜಾಗದಲ್ಲಿ, ಬಿದಿರು ಇದೆಯಲ್ಲ, ಅಲ್ಲಿ. ಇದು ಸಿಕ್ಕಿದ್ದು ಅದಕ್ಕಿಂತ ಕೆಳಗೆ, ಐದು ವರ್ಷದ ಹಿಂದೆ. ಅಷ್ಟೇ ನಂಗೆ ಗೊತ್ತಿರೋದು."

ಅಷ್ಟು ನನಗೆ ಯಾರೂ ಹೇಳಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಮಗನಿಗೆ ಒಂದು ಜಾಗ ಸಿಕ್ಕಿತು. ಆ ಬಿದಿರಿನ ಪಕ್ಕ ನಾನು ಎಷ್ಟು ಸಲ ಬಟ್ಟೆ ಒಗೆದಿಲ್ಲ!

ತುಂಡನ್ನು ತೆಗೆದುಕೊಂಡೆ. ಹಗುರ. ಹಂದಿಯದೂ ಇರಬಹುದು. ಇವನೇನಾ ಎಂದು ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೌದು ಎನ್ನಲಿಲ್ಲ. ಅದನ್ನು ಹಳ್ಳದಲ್ಲಿಟ್ಟು ಮಣ್ಣು ಎಳೆದೆ. ಸೆರಾ ಅವಳ ಮಗನನ್ನು ಭುಜಕ್ಕೇರಿಸಿಕೊಂಡು ನಾನು ಮುಗಿಸುವವರೆಗೂ ನಿಂತಿದ್ದಳು. ಅವಳೂ ಅವತ್ತೇ ಮಣ್ಣು ಮಾಡಬೇಕಿತ್ತು. ಹುಡುಗಿಯರಿಬ್ಬರೂ ಅವಳ ಹಿಂದೆ ಹೊರಟರು. ಮೇಷ್ಟರು ಚಾಪೆಗೆ ಕೈ ಕೊಡಲು ಹೋದರು, ಅವಳು ಕೊಡಲಿಲ್ಲ.

ಅಲೋಯಿಸ್ ಮಾತ್ರ ಮಂಡಿಯಲ್ಲೇ ಉಳಿದಿದ್ದ. ಹೋಗು ಎನ್ನುವವರೂ ಇಲ್ಲ, ಬಾ ಎನ್ನುವವರೂ ಇಲ್ಲ.

"ಮುಂದಿನ ನೆರೆ ಇಳಿದಾಗ ನಂಗೆ ಹೇಳಿ ಕಳ್ಸು. ನಾನೂ ಬರ್ತೀನಿ" ಎಂದೆ.

ಅವನು ತಲೆಯೆತ್ತಲಿಲ್ಲ. "ಅಲ್ಲಿ ತುಂಬಾ ಜಾರುತ್ತೆ, ಎಮೆರಿ" ಎಂದ.

"ಗೊತ್ತು" ಎಂದೆ.